ಫ್ಯಾಂಟಮ್ ಮಾತು ಕೇಳದಿದ್ದಾಗ: ಮನೆಯ ಸಿಮ್ಯುಲೇಟರಿನಲ್ಲಿ ಎಫ್-4ಇ ಹಾರಿಸುವವರಿಗೆ ದೋಷ ನಿವಾರಣೆ ಕೈಪಿಡಿ

ಬೀದರಿನವರಿಗೆ ಜೆಟ್ ಸದ್ದು ಹೊಸದೇನಲ್ಲ. ಇಲ್ಲಿನ ವಾಯುಪಡೆ ನೆಲೆಯಲ್ಲಿ ಮೊದಲು ಕಿರಣ್, 2008ರಿಂದ ಹಾಕ್, ಎರಡೂ ಇಬ್ಬರು ಕೂರುವ ತರಬೇತಿ ವಿಮಾನಗಳೇ. ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದೂ ಈ ನೆಲೆಯಲ್ಲೇ. ಇದನ್ನೆಲ್ಲ ನೋಡುತ್ತ ಬೆಳೆದ ಹುಡುಗರು ಈಗ ಕಂಪ್ಯೂಟರಿನ ಮುಂದೆ ಜಾಯ್‌ಸ್ಟಿಕ್ ಹಿಡಿದು ಕೂತಿದ್ದಾರೆ. ಅವರಲ್ಲಿ ಹಲವರು ಡಿಸಿಎಸ್ ಸಿಮ್ಯುಲೇಟರಿಗೆ 2024ರಲ್ಲಿ ಬಂದ ಎಫ್-4ಇ ಫ್ಯಾಂಟಮ್ ಹಿಡಿದಿದ್ದಾರೆ. ಹಿಡಿದ ಮೊದಲ ವಾರದಲ್ಲೇ ಫೋನ್ ಬರುತ್ತದೆ: "ಅಣ್ಣಾ, ಇಂಜಿನ್ ಸುರು ಆಗವಲ್ದು." "ಎಡಕ್ಕ ಹೊಡದ್ರ ಬಲಕ್ಕ ಹೊಂಟದ, ಸ್ಟಿಕ್ ಹಾಳಾಗ್ಯದೇನ್ರಿ?"

ಫ್ಯಾಂಟಮ್ ಅಮೆರಿಕದ ಎರಡು ಸೀಟಿನ ಯುದ್ಧವಿಮಾನ, ಮೊದಲು ಹಾರಿದ್ದು 1958ರಲ್ಲಿ. ಒಟ್ಟು 5,195 ವಿಮಾನಗಳು ತಯಾರಾದವು. ಭಾರತ ಇದನ್ನು ಎಂದೂ ಬಳಸಲಿಲ್ಲ, ಹಾಗಾಗಿ ನಮ್ಮಲ್ಲಿ ಇದರ ಸ್ವಭಾವ ಬಲ್ಲವರು ಕಡಿಮೆ. ಮುಂದಿನ ಸೀಟಿನಲ್ಲಿ ಪೈಲಟ್; ಹಿಂದಿನ ಸೀಟಿನಲ್ಲಿ ರಾಡಾರ್ ಮತ್ತು ಪಥದರ್ಶನ ನೋಡಿಕೊಳ್ಳುವ ಶಸ್ತ್ರಾಧಿಕಾರಿ, ಹಾರಿಸುವವರ ಭಾಷೆಯಲ್ಲಿ ವಿಝೋ. ಸಿಮ್ಯುಲೇಟರಿನಲ್ಲಿ ಒಬ್ಬರೇ ಕೂತರೆ ಆ ಸೀಟನ್ನು ಜೆಸ್ಟರ್ ಎಂಬ ಗಣಕ ಸಹಾಯಕ ನಿಭಾಯಿಸುತ್ತಾನೆ.

ನನ್ನ ಅನುಭವದಲ್ಲಿ ದೂರು ಏನೇ ಇರಲಿ, ಬೇರು ಮನೆಯ ಕರೆಂಟು-ಧೂಳಿನಲ್ಲಿರುತ್ತದೆ, ಇಲ್ಲವೇ ಸೆಟ್ಟಿಂಗಿನಲ್ಲಿ. ಅದೂ ಅಲ್ಲದಿದ್ದರೆ ದೋಷವೇ ಇರುವುದಿಲ್ಲ, ಆ ವಿಮಾನ ಇರುವುದೇ ಹಾಗೆ. ಈ ಕ್ರಮದಲ್ಲೇ ಹುಡುಕಿ. ಹೊಸ ಜಾಯ್‌ಸ್ಟಿಕ್‌ಗೆ ದುಡ್ಡು ಹಾಕುವುದು ಕಟ್ಟಕಡೆಯ ಮಾತು.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ, ಅಥವಾ ಸುಟ್ಟ ವಾಸನೆ ಬರುತ್ತದೆ

ಇದನ್ನು ಎಲ್ಲಕ್ಕಿಂತ ಮೊದಲು ಇಟ್ಟಿದ್ದೇನೆ, ಯಾಕೆಂದರೆ ಇಲ್ಲಿ ಜೀವದ ಪ್ರಶ್ನೆ ಇದೆ. ಪಿಸಿಯ ತಗಡು, ಜಾಯ್‌ಸ್ಟಿಕ್‌ನ ಲೋಹದ ತಳ ಅಥವಾ ಹೆಡ್‌ಫೋನಿನ ಪಿನ್ ಮುಟ್ಟಿದಾಗ ಜುಮ್ ಎಂದರೆ ಮನೆಯ ಅರ್ಥಿಂಗ್ ಸರಿಯಿಲ್ಲ ಎಂದು ಅರ್ಥ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೆಯ ತೂತಿಗೆ ವೈರೇ ಇರುವುದಿಲ್ಲ. ಹೊಸ ಮನೆಯಲ್ಲೂ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ಬಿರುಕು ಬಿಟ್ಟರೆ ಇದೇ ಕಥೆ. ನಮ್ಮ ಕಡೆಯ ಬಿಸಿಲಿಗೆ ಆ ಗುಂಡಿಗೆ ಆಗಾಗ ಒಂದೆರಡು ಕೊಡ ನೀರು ಸುರಿಯಲೇಬೇಕು. ನೀರು ಹಾಕಿದ ಮೇಲೂ ಜುಮ್ ನಿಲ್ಲದಿದ್ದರೆ ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಹಾಕಬೇಡಿ. ನ್ಯೂಟ್ರಲ್ ವೈರನ್ನೇ ಅರ್ಥಿಂಗ್ ತೂತಿಗೆ ಸೇರಿಸಿಕೊಡುತ್ತೇನೆ ಎಂದು ಯಾರಾದರೂ ಅಂದರೆ ಖಂಡಿತ ಒಪ್ಪಬೇಡಿ. ನ್ಯೂಟ್ರಲ್ ಎಲ್ಲಾದರೂ ಕಡಿದ ದಿನ ಇಡೀ ಕ್ಯಾಬಿನೆಟ್ಟಿಗೆ ಕರೆಂಟು ಬರುತ್ತದೆ.

ಸುಟ್ಟ ವಾಸನೆ ಬಂದರೆ ಗೋಡೆಯ ಸ್ವಿಚ್ಚಿನಲ್ಲೇ ಆಫ್ ಮಾಡಿ. ಪವರ್ ಸಪ್ಲೈ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಹಾರಾಟದ ನಡುವೆ ಪಿಸಿ ಆಫ್ ಆಗುತ್ತದೆ, ಅಥವಾ ಚಿತ್ರ ತಡವರಿಸುತ್ತದೆ

ಒಮ್ಮೆಲೇ ಕತ್ತಲಾಗಿ ಆಫ್ ಆದರೆ ಕರೆಂಟನ್ನು ಅನುಮಾನಿಸಿ. ಹತ್ತು-ಹದಿನೈದು ನಿಮಿಷ ಚೆನ್ನಾಗಿ ಹಾರಿ, ಆಮೇಲೆ ನಿಧಾನವಾಗುತ್ತ ಹೋದರೆ ಬಿಸಿಯನ್ನು ಅನುಮಾನಿಸಿ.

ಕರೆಂಟಿನ ವಿಷಯಕ್ಕೆ ಮೊದಲು ಯುಪಿಎಸ್ ಮೇಲಿನ ಚೀಟಿ ಓದಿ. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿ ಕಾದಾಟದ ದೃಶ್ಯದಲ್ಲಿ ಅದಕ್ಕಿಂತ ಹೆಚ್ಚು ಎಳೆಯುತ್ತದೆ, ಹಾಗಾಗಿ ಕರೆಂಟು ಹೋದ ಕ್ಷಣವೇ ಯುಪಿಎಸ್ ಕೈಚೆಲ್ಲುತ್ತದೆ. ಮನೆಯ ಇನ್ವರ್ಟರಿನ ಮೇಲೆ ನಡೆಸುವವರು ಎರಡು ಸಂಗತಿ ನೋಡಿ. ಅನೇಕ ಇನ್ವರ್ಟರುಗಳ ಹಿಂದೆ ಯುಪಿಎಸ್ ಮೋಡ್ ಮತ್ತು ಸಾದಾ ಮೋಡ್ ಎಂದು ಸ್ವಿಚ್ಚಿರುತ್ತದೆ. ಸಾದಾ ಮೋಡಿನಲ್ಲಿ ಬ್ಯಾಟರಿಗೆ ಬದಲಾಗಲು ಹಿಡಿಯುವ ಸಮಯ ಫ್ಯಾನು-ದೀಪಕ್ಕೆ ಸಾಕು, ಪಿಸಿಗೆ ಸಾಲದು. ಇನ್ನೊಂದು, ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಹೊಸ ಪವರ್ ಸಪ್ಲೈಗಳು ಕೆಲವೊಮ್ಮೆ ನಡೆಯುವುದೇ ಇಲ್ಲ. ಸೈನ್ ವೇವ್ ಆಗಿದ್ದರೆ ಈ ತೊಂದರೆ ಬಾರದು.

ಬಿಸಿಯ ವಿಷಯಕ್ಕೆ ಬಂದರೆ, ಕಲಬುರಗಿಯಲ್ಲಿ ಏಪ್ರಿಲ್-ಮೇ ತಿಂಗಳು 42 ಡಿಗ್ರಿ ದಾಟುವ ಮಧ್ಯಾಹ್ನ ಕೋಣೆಯ ಗಾಳಿಯೇ ಕಾದಿರುತ್ತದೆ. ಅದರ ಮೇಲೆ ಧೂಳು. ಬೀದರಿನ ಕೆಂಪು ಮಣ್ಣಿನ ನಯವಾದ ಪುಡಿ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಹೆಪ್ಪುಗಟ್ಟಿ ಕೂರುತ್ತದೆ. ಕಲಬುರಗಿ ಕಡೆ ತೊಗರಿ ರಾಶಿ ಮಾಡುವ ದಿನಗಳಲ್ಲಿ ಹೊಲಕ್ಕೆ ಹತ್ತಿರದ ಮನೆಗಳಲ್ಲಿ ಹೊಟ್ಟಿನ ಎಳೆಗಳು ಫ್ಯಾನಿನ ಹಿಂದೆ ಕಂಬಳಿ ಹೊದಿಸಿದಂತೆ ಅಂಟಿರುತ್ತವೆ. ಪ್ಲಗ್ ಕಿತ್ತು, ಪಕ್ಕದ ತಗಡು ತೆಗೆದು, ಬ್ಲೋವರಿನಿಂದ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ; ಗಾಳಿಯ ರಭಸಕ್ಕೆ ಅಳತೆ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಬೇಡ. ಇಷ್ಟಾದ ಮೇಲೂ ಪ್ರೊಸೆಸರ್ ಬಿಸಿ 95 ಡಿಗ್ರಿಯ ಆಸುಪಾಸಿನಲ್ಲೇ ನಿಂತರೆ ಥರ್ಮಲ್ ಪೇಸ್ಟ್ ಒಣಗಿರಬಹುದು. ಅದನ್ನು ಹಿಂದೆ ಹಚ್ಚಿ ಗೊತ್ತಿಲ್ಲದವರು ರಿಪೇರಿಯವರ ಕೈಗೆ ಕೊಡುವುದೇ ಒಳ್ಳೆಯದು.

ಸ್ಟಿಕ್ ಬಿಟ್ಟರೂ ವಿಮಾನ ಒಂದು ಕಡೆ ವಾಲುತ್ತದೆ

ದುಡ್ಡು ಬೇಡದ ಪರೀಕ್ಷೆ ಮೊದಲು. ಸಿಮ್ಯುಲೇಟರಿನ ಕಂಟ್ರೋಲ್ ಪುಟ ತೆರೆದು, ಪಿಚ್ (ಮೂಗು ಮೇಲೆ-ಕೆಳಗೆ), ರೋಲ್ (ಎಡಬಲ ಉರುಳುವುದು), ರಡ್ಡರ್ (ಮೂಗು ಎಡಬಲ) ಮತ್ತು ಥ್ರಾಟಲ್ ಸಾಲುಗಳನ್ನು ಅಡ್ಡಡ್ಡ ಓದಿ. ಹೊಸ ಸಾಧನ ಚುಚ್ಚಿದಾಗಲೆಲ್ಲ ಸಿಮ್ಯುಲೇಟರ್ ತಾನಾಗಿಯೇ ಅದಕ್ಕೂ ಪಿಚ್-ರೋಲ್ ಹಚ್ಚಿಬಿಡುತ್ತದೆ. ಆಗ ಥ್ರಾಟಲ್‌ನಲ್ಲಿರುವ ಸಣ್ಣ ಗುಂಡಿಯೋ ಪೆಡಲಿನ ಬ್ರೇಕೋ ನಿಮ್ಮ ಸ್ಟಿಕ್ ಜತೆ ಜಗಳ ಆಡುತ್ತಿರುತ್ತದೆ. ಒಂದು ಆಕ್ಸಿಸ್‌ಗೆ, ಅಂದರೆ ಇಂಥ ಒಂದು ಸಾಲಿಗೆ, ಒಂದೇ ಸಾಧನ ಉಳಿಸಿ, ಮಿಕ್ಕದ್ದನ್ನು ಅಳಿಸಿ. "ಸ್ಟಿಕ್ ಹೋಯ್ತು" ಎಂದು ಬರುವ ದೂರುಗಳಲ್ಲಿ ಬಹುಪಾಲು ಇಲ್ಲಿಗೇ ಮುಗಿಯುತ್ತವೆ.

ಆಮೇಲೆ ವಿಂಡೋಸಿನ ಗೇಮ್ ಕಂಟ್ರೋಲರ್ ಕಿಟಕಿಯಲ್ಲಿ ಕೈ ಬಿಟ್ಟು ನೋಡಿ. ಅಡ್ಡಗೆರೆಯ ಗುರುತು ನಡುವಿನಲ್ಲಿ ನಿಶ್ಚಲವಾಗಿದ್ದರೆ ಸ್ಟಿಕ್ ಸರಿಯಿದೆ. ಒಂದೇ ಕಡೆ ಸರಿದು ನಿಂತಿದ್ದರೆ ಕ್ಯಾಲಿಬ್ರೇಶನ್ ಮಾಡಿ. ನಡುಗುತ್ತಿದ್ದರೆ ಒಳಗಿನ ಪೊಟೆನ್ಶಿಯೋಮೀಟರಿನಲ್ಲಿ ಧೂಳು ಹೊಕ್ಕಿದೆ ಅಥವಾ ಅದು ಸವೆದಿದೆ; ಸದ್ಯಕ್ಕೆ ತುಸು ಡೆಡ್‌ಝೋನ್ (ನಡುವಿನ ಸಣ್ಣ ಅಲುಗಾಟವನ್ನು ಲೆಕ್ಕಿಸದ ಜಾಗ) ಕೊಟ್ಟು ನಡೆಸಬಹುದು. ಕಾಂತದ ಹಾಲ್ ಸೆನ್ಸರ್ ಇರುವ ಸ್ಟಿಕ್‌ಗಳಲ್ಲಿ ಒಂದಕ್ಕೊಂದು ಉಜ್ಜುವ ಭಾಗವೇ ಇಲ್ಲ, ಹಾಗಾಗಿ ಈ ಸವೆತವೂ ಇಲ್ಲ. ಧೂಳಿನ ಊರಿನವರು ಹೊಸದು ಕೊಳ್ಳುವ ದಿನ ಬಂದರೆ ಇದನ್ನು ನೆನಪಿಡಿ.

ಕಿಟಕಿಯಲ್ಲಿ ಎಲ್ಲ ಸರಿ, ಹಾರುವಾಗ ಮಾತ್ರ ಮೂಗು ಏರುತ್ತ ಇಳಿಯುತ್ತ ಇರುತ್ತದೆ ಎಂದರೆ ಅದು ಫ್ಯಾಂಟಮ್ ಸ್ವಭಾವ. ಈ ವಿಮಾನದ ಸ್ಟಿಕ್‌ಗೆ ಬಿಗಿ ಕೊಡುವುದು ಗಾಳಿಯ ಒತ್ತಡದಿಂದ ಕೆಲಸ ಮಾಡುವ ಒಂದು ತಿದಿ ಮತ್ತು ಒಂದು ತೂಕದ ಗುಂಡು. ವೇಗ ಬದಲಾದರೆ ಒತ್ತಡ ಬದಲಾಗುತ್ತದೆ, ಟ್ರಿಮ್ (ಸ್ಟಿಕ್ ಒತ್ತಿ ಹಿಡಿಯದೆಯೂ ಮೂಗು ನಿಂತಲ್ಲೇ ನಿಲ್ಲುವಂತೆ ಮಾಡುವ ಹೊಂದಿಕೆ) ಕೂಡ ಬದಲಾಗಬೇಕು. ವೇಗ ಹೆಚ್ಚಿಸಿದಾಗ ಮತ್ತು ಇಳಿಸಿದಾಗ ಹೆಬ್ಬೆರಳು ಟ್ರಿಮ್ ಗುಂಡಿಯ ಮೇಲೇ ಇರಲಿ. ಮೂಗು ಎಡಬಲ ತೂಗಾಡಿದರೆ ಮಾತ್ರ ಎಡ ಬದಿಯ ಸ್ಟ್ಯಾಬ್ ಆಗ್ (ತೂಗಾಟ ತಡೆಯುವ ವ್ಯವಸ್ಥೆ) ಸ್ವಿಚ್ಚುಗಳನ್ನು ನೋಡಿ: ಪಿಚ್, ರೋಲ್, ಯಾ (ಮೂಗಿನ ಎಡಬಲ ಚಲನೆ) ಎಂದು ಮೂರಿವೆ. ಯಾ ಆಫ್ ಇದ್ದರೆ ಆ ತೂಗಾಟ ಸಹಜ.

ಪೆಡಲು ನಡುವೆಯೇ ಸತ್ತುಹೋಗುತ್ತದೆ

ಯುಎಸ್‌ಬಿ ಹಬ್ ಬಿಟ್ಟು ಪಿಸಿಯ ಹಿಂಬದಿಯ ತೂತಿಗೇ ನೇರ ಚುಚ್ಚಿ. ವಿಂಡೋಸಿನ ಪವರ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಸಸ್ಪೆಂಡ್ ಆಫ್ ಮಾಡಿ. ಇಷ್ಟಕ್ಕೂ ಹೋಗದಿದ್ದರೆ ಕೇಬಲ್ ಬದಲಿಸಿ.

ಎಂಜಿನ್ ತಿರುಗುವುದೇ ಇಲ್ಲ, ಅಥವಾ ತಿರುಗಿದರೂ ಹೊತ್ತುವುದಿಲ್ಲ

ಹೊಸ ವಿಮಾನಗಳ ಹಾಗೆ ಒಂದು ಗುಂಡಿ ಒತ್ತಿ ಶುರುಮಾಡುವ ಸೌಕರ್ಯ ಇದರಲ್ಲಿ ಇಲ್ಲ. ಎರಡು ಜೆ79 ಎಂಜಿನ್ನುಗಳನ್ನು ತಿರುಗಿಸಲು ಹೊರಗಿನ ಗಾಳಿ ಬೇಕು, ಇಲ್ಲವೇ ಸಿಡಿಮದ್ದಿನ ಕಾರ್ಟ್ರಿಜ್ ಬೇಕು. ಆದ್ದರಿಂದ ಮೀಟರಿನ ಮುಳ್ಳು ಅಲುಗಾಡದಿದ್ದರೆ ಮೊದಲು ನೆಲದ ಸಿಬ್ಬಂದಿಗೆ ಕರೆಂಟು ಮತ್ತು ಗಾಳಿ ಎರಡನ್ನೂ ಕೇಳಿದ್ದೀರಾ ನೋಡಿಕೊಳ್ಳಿ. ಜನರೇಟರ್ ಸ್ವಿಚ್ಚುಗಳು ಹೊರಗಿನ ಕರೆಂಟಿನ ಸ್ಥಾನದಲ್ಲಿರಬೇಕು, ಎರಡೂ ಎಂಜಿನ್ ಮಾಸ್ಟರ್ ಸ್ವಿಚ್ಚು ಆನ್ ಇರಬೇಕು.

ಮುಳ್ಳು ಏರುತ್ತದೆ, ಬೆಂಕಿ ಹೊತ್ತುವುದಿಲ್ಲ ಎಂದರೆ ನಿಮ್ಮ ಕೈಯ ಕ್ರಮ ತಪ್ಪಿದೆ. ಆರ್‌ಪಿಎಂ 10 ಶೇಕಡಾ ಮುಟ್ಟಿದಾಗ ಥ್ರಾಟಲ್‌ನ ಇಗ್ನಿಷನ್ ಗುಂಡಿ ಒತ್ತಿ ಹಿಡಿದು, ಥ್ರಾಟಲ್ ಅರ್ಧದ ತನಕ ತಳ್ಳಿ, ಮತ್ತೆ ಐಡಲ್‌ಗೆ ತರಬೇಕು. ಗುಂಡಿಯನ್ನು ಬೇಗ ಬಿಡುವವರೇ ಹೆಚ್ಚು. ಎಕ್ಸಾಸ್ಟ್ ತಾಪದ ಮುಳ್ಳು ಏಳುವುದು ಕಾಣುವ ತನಕ ಬೆರಳು ತೆಗೆಯಬೇಡಿ. ಹೊತ್ತಿದ ಮೇಲೆ ಎಂಜಿನ್ ಸುಮಾರು 65 ಶೇಕಡಾದಲ್ಲಿ ನೆಲೆಯಾಗುತ್ತದೆ. ತಾಪ ನಿಲ್ಲದೆ ಏರುತ್ತಿದ್ದು ಆರ್‌ಪಿಎಂ ಮಾತ್ರ ಹೆಣಗುತ್ತಿದ್ದರೆ ಕೂಡಲೇ ಥ್ರಾಟಲ್ ಕಟ್ ಮಾಡಿ. ನಿಜ ವಿಮಾನದಲ್ಲಿ ಎಂಜಿನ್ ಸುಡುವುದು ಹೀಗೆಯೇ.

ಇಲ್ಲೂ ಒಂದು ಮನೆಯ ಕಾರಣ ಇರಬಹುದು: ನಿಮ್ಮ ಥ್ರಾಟಲ್ ಪೂರ್ತಿ ಹಿಂದೆ ಬಂದರೂ ತೆರೆಯ ಮೇಲಿನದು ಒಂದೆರಡು ಶೇಕಡಾ ಮೇಲೆಯೇ ನಿಂತಿರುತ್ತದೆ. ಆಗ ಕಟ್-ಆಫ್ ಆಗುವುದಿಲ್ಲ. ಥ್ರಾಟಲ್ ಆಕ್ಸಿಸ್‌ನ ತುದಿಗಳನ್ನು ಮತ್ತೊಮ್ಮೆ ಕ್ಯಾಲಿಬ್ರೇಟ್ ಮಾಡಿ.

ಎತ್ತರದ ಮೀಟರಿನಲ್ಲಿ ಸ್ಟ್ಯಾಂಡ್‌ಬೈ ಬಾವುಟ, ಎಚ್ಚರಿಕೆ ಫಲಕದಲ್ಲಿ ಸ್ಟ್ಯಾಟಿಕ್ ದೀಪ

ಎಂಜಿನ್ ಶುರುವಾದ ಮೇಲೆ ಎರಡು ರೀಸೆಟ್ ಬಾಕಿ ಉಳಿದಿವೆ, ಅಷ್ಟೇ. ಸ್ಟ್ಯಾಟಿಕ್ ಕರೆಕ್ಷನ್ ಸ್ವಿಚ್ಚನ್ನು ಒಮ್ಮೆ ರೀಸೆಟ್ ಕಡೆ ಒತ್ತಿ ಬಿಡಿ, ದೀಪ ಆರುತ್ತದೆ. ಆಲ್ಟಿಮೀಟರಿನ ಮೂಲೆಯ ಸಣ್ಣ ಕೀಲಿಯನ್ನು ಎರಡು-ಮೂರು ಸೆಕೆಂಡು ರೀಸೆಟ್‌ನಲ್ಲಿ ಹಿಡಿಯಿರಿ, ಬಾವುಟ ಮರೆಯಾಗುತ್ತದೆ. ಮರೆತು ಮೇಲೇರಿದರೂ ಹಾರಬಹುದು, ಆದರೆ ಎತ್ತರದ ಓದು ತಿದ್ದುಪಡಿ ಇಲ್ಲದ್ದು ಎಂಬುದು ಗಮನದಲ್ಲಿರಲಿ. ಗಾಳಿಯಲ್ಲೂ ರೀಸೆಟ್ ಮಾಡಬಹುದು. ಮಾಡಿದ ಮೇಲೂ ದೀಪ ಮತ್ತೆ ಮತ್ತೆ ಹೊತ್ತಿದರೆ ಮೋಡದೊಳಗೆ ಹೋಗದೆ ಮರಳಿ.

ದಿಗಂತದ ಗುಂಡು ವಾಲಿ ಕೂತಿದೆ, ದಾರಿಯೂ ತಪ್ಪುತ್ತಿದೆ

ಮುಂದಿನ ಸೀಟಿನಲ್ಲಿ ರೆಫರೆನ್ಸ್ ಸ್ವಿಚ್ಚು ಎರಡು ಸ್ಥಾನದ್ದು: ಪ್ರೈಮರಿ ಮತ್ತು ಸ್ಟ್ಯಾಂಡ್‌ಬೈ. ಪ್ರೈಮರಿಯಲ್ಲಿ ದಿಗಂತ ತೋರಿಸುವ ಆ ಗುಂಡಿಗೆ ಮಾಹಿತಿ ಬರುವುದು ಹಿಂದಿನ ಸೀಟಿನ ಐಎನ್‌ಎಸ್‌ನಿಂದ, ಅಂದರೆ ವಿಮಾನದ ಚಲನೆಯನ್ನು ತಾನೇ ಅಳೆದು ದಾರಿ ಹೇಳುವ ಯಂತ್ರದಿಂದ. ಸ್ವಿಚ್ಚನ್ನು ಸ್ಟ್ಯಾಂಡ್‌ಬೈಗೆ ಹಾಕಿ ನೋಡಿ. ಗುಂಡು ನೆಟ್ಟಗಾದರೆ ಉಪಕರಣ ಸರಿಯಿದೆ, ಐಎನ್‌ಎಸ್ ಜೋಡಣೆ ಕೆಟ್ಟಿದೆ ಎಂದು ಗೊತ್ತಾಯಿತು.

ಜೋಡಣೆ ಕೆಡಲು ಮುಖ್ಯ ಕಾರಣ ಅವಸರ. ವಿಮಾನ ಒಂದಿಂಚೂ ಕದಲದೆ ನಿಂತಿರುವಾಗ ಆ ಯಂತ್ರ ಮೊದಲು ಬಿಸಿಯಾಗಿ, ಆಮೇಲೆ ಭೂಮಿಯ ತಿರುಗುವಿಕೆಯನ್ನು ಅಳೆದು ಉತ್ತರ ಯಾವುದೆಂದು ತಾನೇ ಕಂಡುಕೊಳ್ಳುತ್ತದೆ. ನಡುವೆ ಬ್ರೇಕ್ ಬಿಟ್ಟರೆ ಆ ಅಳತೆಯೇ ಹಾಳು. ಹಿಂದಿನ ಸೀಟಿನಲ್ಲಿ ಹಸಿರು ದೀಪ ಸ್ಥಿರವಾಗಿ ಹೊತ್ತಿದರೆ ತುರ್ತಿನ ಒರಟು ಜೋಡಣೆ ಆಯಿತು. ಮಿಣುಕತೊಡಗಿದರೆ ಪೂರ್ತಿ ಜೋಡಣೆ ಆಯಿತು. ಆಮೇಲೆ ಐಎನ್‌ಎಸ್‌ನ ಗುಂಡಿಯನ್ನು ನ್ಯಾವ್‌ಗೆ ತಿರುಗಿಸಿಯೇ ಹೊರಡಬೇಕು. ನಿಂತ ಜಾಗದ ಅಕ್ಷಾಂಶ-ರೇಖಾಂಶ ತಪ್ಪಾಗಿದ್ದರೂ ಫಲ ಇದೇ. ಇಬ್ಬರು ಸ್ನೇಹಿತರು ಎರಡು ಪಿಸಿಯಲ್ಲಿ ಕೂತು ಒಂದೇ ವಿಮಾನ ಹಾರಿಸುವಾಗ ಈ ತೊಂದರೆ ಹೆಚ್ಚು: ಮುಂದಿನವನಿಗೆ ಹೊರಡುವ ಆತುರ, ಹಿಂದಿನವನು ಇನ್ನೂ ಅಂಕಿ ತಿರುಗಿಸುತ್ತಿರುತ್ತಾನೆ. "ಆಯ್ತು" ಎಂದು ಹಿಂದಿನವನು ಬಾಯಿಬಿಟ್ಟು ಹೇಳುವ ತನಕ ಚಕ್ರ ಉರುಳಬಾರದು ಎಂಬ ಕಟ್ಟಳೆ ಮಾಡಿಕೊಳ್ಳಿ. ಹಿಂದಿನವನ ದನಿಯೇ ಕೇಳದಿದ್ದರೆ ಇಂಟರ್‌ಕಾಮ್‌ನ ವಾಲ್ಯೂಮ್ ನೋಡಿ, ಸ್ವಿಚ್ಚನ್ನು ಹಾಟ್ ಮೈಕ್‌ಗೆ ಹಾಕಿ.

ಗಾಳಿಯಲ್ಲಿ ಐಎನ್‌ಎಸ್ ಕೈಕೊಟ್ಟರೆ ಅದನ್ನು ಸರಿಪಡಿಸುತ್ತ ಕೂರಬೇಡಿ. ಸ್ಟ್ಯಾಂಡ್‌ಬೈಗೆ ಹಾಕಿ, ಟಕಾನ್ (ನೆಲದ ಕೇಂದ್ರದಿಂದ ದಾರಿ ತೋರಿಸುವ ರೇಡಿಯೋ) ಹಿಡಿದು ಮನೆಗೆ ಬನ್ನಿ.

ರಾಡಾರಿನಲ್ಲಿ ಏನೂ ಕಾಣುವುದಿಲ್ಲ, ಅಥವಾ ಬರೀ ಬಿಳುಪು ಕಾಣುತ್ತದೆ

ಏನೂ ಇಲ್ಲದಿದ್ದರೆ ರಾಡಾರಿನ ಗುಂಡಿ ಆಪರೇಟ್‌ನಲ್ಲಿದೆಯೇ ನೋಡಿ. ಸ್ಟ್ಯಾಂಡ್‌ಬೈಯಲ್ಲಿ ಕೆಲವು ನಿಮಿಷ ಬೆಚ್ಚಗಾಗದೆ ಈ ಎಪಿಕ್ಯೂ-120 ರಾಡಾರ್ ಕೆಲಸ ಶುರು ಮಾಡದು. ತೆರೆಯ ಹೊಳಪು ಮತ್ತು ಗೇನ್ ತೀರಾ ಇಳಿದಿದ್ದರೂ ಕತ್ತಲೆಯೇ.

ಬಿಳುಪು ತುಂಬಿದ್ದರೆ ದೋಷವಿಲ್ಲ, ನೆಲದ ಪ್ರತಿಧ್ವನಿ. ಇದು ಹಳೆಯ ಪಲ್ಸ್ ರಾಡಾರ್. ಚಲಿಸುವ ವಿಮಾನವನ್ನು ನಿಂತ ನೆಲದಿಂದ ಬೇರ್ಪಡಿಸುವ ಶಕ್ತಿ ಇದಕ್ಕಿಲ್ಲ. ಆಂಟೆನಾ ಕೆಳಮುಖವಾದ ಕೂಡಲೇ ಗುಡ್ಡ, ಹೊಲ, ಊರು ಎಲ್ಲವೂ ಪರದೆ ತುಂಬುತ್ತವೆ. ಶತ್ರು ನಿಮಗಿಂತ ಕೆಳಗಿದ್ದರೆ ನೀವೂ ಕೆಳಗಿಳಿದು ಆಂಟೆನಾ ಮೇಲಕ್ಕೆ ಎತ್ತಿ. ಆಕಾಶದ ಹಿನ್ನೆಲೆಯಲ್ಲಿ ಅವನು ಚುಕ್ಕೆಯಾಗಿ ಎದ್ದು ಕಾಣುತ್ತಾನೆ.

ಇನ್ನೊಂದು ಗೆರೆ ಎಲ್ಲರನ್ನೂ ಮೋಸ ಮಾಡುತ್ತದೆ. ಪರದೆಯ ಕೆಳಭಾಗದಲ್ಲಿ ಅಡ್ಡಕ್ಕೆ ಹೊಳೆಯುವ ಒಂದು ಗೆರೆ ಇರುತ್ತದೆ. ನೀವು ಎಷ್ಟೇ ತಿರುಗಿದರೂ ಅದು ಜಾಗ ಬಿಡದು. ಅದು ನಿಮ್ಮ ಕಾಲ ಕೆಳಗಿನ ನೆಲ. ನೆಲದಿಂದ 30,000 ಅಡಿ ಮೇಲಿದ್ದರೆ ಗೆರೆ ಸುಮಾರು 5 ನಾಟಿಕಲ್ ಮೈಲಿಯಲ್ಲಿ ನಿಲ್ಲುತ್ತದೆ, ಇಳಿದಂತೆ ಅದೂ ಕೆಳಗೆ ಜಾರುತ್ತದೆ. ಅದನ್ನು ಗುರಿಯೆಂದು ಲಾಕ್ ಮಾಡಲು ಹೋಗಬೇಡಿ. ಹಾಗೆಯೇ ಅದನ್ನೇ ಪರೀಕ್ಷೆಯಾಗಿ ಬಳಸಿ: ಗೆರೆ ಕಾಣುತ್ತಿದ್ದರೆ ರಾಡಾರ್ ಕಳಿಸುತ್ತಲೂ ಇದೆ, ಕೇಳುತ್ತಲೂ ಇದೆ.

ಎಡಕ್ಕೆ ಹೊಡೆದರೆ ಬಲಕ್ಕೆ ಹೋಗುತ್ತದೆ, ಕಿವಿಯಲ್ಲಿ ಪೀಪ್ ಪೀಪ್ ಬರುತ್ತದೆ

ಸ್ಟಿಕ್ ಬದಲಿಸಲು ಹೊರಟವರು ದಯವಿಟ್ಟು ಇದನ್ನು ನಿಧಾನವಾಗಿ ಓದಿ. ನಿಮ್ಮ ಸಾಮಾನಿನಲ್ಲಿ ಏನೂ ಕೆಟ್ಟಿಲ್ಲ. ಫ್ಯಾಂಟಮ್ ಹಾರಿಸಿದ ನಿಜವಾದ ಪೈಲಟ್‌ಗಳೂ ಇದನ್ನು ಕಷ್ಟಪಟ್ಟೇ ಕಲಿತದ್ದು.

ಈ ವಿಮಾನದ ರೆಕ್ಕೆಯ ತುದಿಗಳು 12 ಡಿಗ್ರಿ ಮೇಲಕ್ಕೆ ಬಾಗಿವೆ, ಬಾಲದ ರೆಕ್ಕೆಗಳು 23 ಡಿಗ್ರಿ ಕೆಳಕ್ಕೆ ಇಳಿದಿವೆ. ಏಲರಾನ್ (ವಿಮಾನ ಉರುಳಿಸಲು ರೆಕ್ಕೆಯ ಹಿಂಬದಿಯಲ್ಲಿರುವ ಹಲಗೆ) 30 ಡಿಗ್ರಿ ಕೆಳಗೆ ಹೋಗುತ್ತದೆ, ಮೇಲಕ್ಕೆ ಬರೀ 1 ಡಿಗ್ರಿ. ಸ್ಟಿಕ್ ಎಡಕ್ಕೆ ಹಾಕಿದಿರಿ ಎಂದುಕೊಳ್ಳಿ. ಎಡ ರೆಕ್ಕೆಯ ಮೇಲೆ ಸ್ಪಾಯ್ಲರ್ (ರೆಕ್ಕೆಯ ಎತ್ತುವ ಶಕ್ತಿ ತಗ್ಗಿಸುವ ಹಲಗೆ) ಏಳುತ್ತದೆ, ಬಲ ರೆಕ್ಕೆಯ ಏಲರಾನ್ ಕೆಳಗಿಳಿಯುತ್ತದೆ. ವೇಗವಾಗಿ, ಮೂಗು ನೆಟ್ಟಗೆ ಹೋಗುವಾಗ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ನೀವು ಸ್ಟಿಕ್ ಜಗ್ಗಿ ಮೂಗನ್ನು ಗಾಳಿಯ ದಿಕ್ಕಿಗಿಂತ ಬಹಳ ಮೇಲಕ್ಕೆ ಎತ್ತಿದ್ದಾಗ, ಕೆಳಗಿಳಿದ ಆ ಏಲರಾನ್ ಎತ್ತುವುದಕ್ಕಿಂತ ಹೆಚ್ಚಾಗಿ ಗಾಳಿಗೆ ಅಡ್ಡ ನಿಲ್ಲುತ್ತದೆ. ಬಲ ರೆಕ್ಕೆ ಹಿಂದೆ ಬೀಳುತ್ತದೆ, ಮೂಗು ಬಲಕ್ಕೆ ಹೊರಳುತ್ತದೆ, ಅದರ ಬೆನ್ನಿಗೇ ಇಡೀ ವಿಮಾನ ಬಲಕ್ಕೆ ಮಗುಚುತ್ತದೆ. ಗಾಬರಿಯಿಂದ ಇನ್ನಷ್ಟು ಎಡಕ್ಕೆ ಹಾಕಿದರೆ ಇನ್ನಷ್ಟು ಬಲಕ್ಕೆ. 1970ರ ದಶಕದಲ್ಲಿ ರೆಕ್ಕೆಯ ಮುಂಭಾಗಕ್ಕೆ ಸ್ಲ್ಯಾಟ್ ಎಂಬ ಚಲಿಸುವ ಹಲಗೆ ಜೋಡಿಸಿದ ಮೇಲೆ ಈ ಗುಣ ತುಸು ಮೆತ್ತಗಾಯಿತು, ಹೋಗಲಿಲ್ಲ.

ಕಿವಿಯ ಪೀಪ್ ನಿಮ್ಮ ಗೆಳೆಯ. ರೆಕ್ಕೆ ಗಾಳಿಯನ್ನು ಎಷ್ಟು ಓರೆಯಾಗಿ ಸೀಳುತ್ತಿದೆ ಎಂಬುದನ್ನು ಅದು ಹೇಳುತ್ತದೆ. ಇಳಿಯುವಾಗಿನ ಸರಿಯಾದ ಮಟ್ಟ 19.2 ಯೂನಿಟ್; ಅಲ್ಲಿ ಸದ್ದು ಕಡಿಯದೆ ಒಂದೇ ಸಮ ಬರುತ್ತದೆ. ಅದಕ್ಕಿಂತ ಮೇಲೆ ಹೋದರೆ ತೀಕ್ಷ್ಣ ದನಿಯ ತುಂಡು ತುಂಡು ಪೀಪ್, ಏರಿದಷ್ಟೂ ಚುರುಕು. 22.3 ಯೂನಿಟ್‌ನಲ್ಲಿ ನಿಜ ವಿಮಾನದ ರಡ್ಡರ್ ಪೆಡಲು ಗಡಗಡ ನಡುಗುತ್ತದೆ. ನಮ್ಮ ಮನೆಯ ಪೆಡಲುಗಳಲ್ಲಿ ಆ ನಡುಕ ಇಲ್ಲದ್ದರಿಂದ ಕಿವಿಯನ್ನೇ ನಂಬಬೇಕು. ಸದ್ದು ಕಿರಿಕಿರಿ ಎಂದು ಕಡಿಮೆ ಮಾಡಿ ಹಾರುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಪರಿಹಾರ ಕಾಲಿನಲ್ಲಿದೆ. ಪೀಪ್ ಚುರುಕಾಗುತ್ತ ಹೋದಂತೆ ಸ್ಟಿಕ್ ಅನ್ನು ಅಡ್ಡಕ್ಕೆ ಅಲುಗಿಸುವುದು ಬಿಟ್ಟು, ತಿರುಗಬೇಕಾದ ಕಡೆಯ ಪೆಡಲ್ ಒತ್ತಿ. ಪೆಡಲ್ ಇಲ್ಲದವರು ಸ್ಟಿಕ್ ತಿರುಚುವ ಆಕ್ಸಿಸ್‌ಗೆ ರಡ್ಡರ್ ಕೊಡಿ. ರಡ್ಡರ್ ಇಲ್ಲದೆ ಫ್ಯಾಂಟಮ್‌ನಲ್ಲಿ ಕಾದಾಡಲು ಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ದುಡ್ಡು ಹಾಕುವುದೇ ಇದ್ದರೆ ದುಬಾರಿ ಸ್ಟಿಕ್‌ಗಿಂತ ಮೊದಲು ಸಾದಾ ಪೆಡಲ್ ತನ್ನಿ.

ಈಗಾಗಲೇ ಕೈತಪ್ಪಿ ಸುತ್ತತೊಡಗಿದ್ದರೆ ಸ್ಟಿಕ್ ಪೂರ್ತಿ ಮುಂದಕ್ಕೆ ತಳ್ಳಿ, ಏಲರಾನ್ ಮತ್ತು ರಡ್ಡರ್ ನಡುವಿಗೆ ತನ್ನಿ. ಅಷ್ಟಕ್ಕೆ ಬಾರದಿದ್ದರೆ ಸ್ಟಿಕ್ ಮುಂದೆಯೇ ಹಿಡಿದು ಇಳಿಯುವಾಗ ಬಳಸುವ ಬಾಲದ ಪ್ಯಾರಾಚೂಟ್ ಬಿಚ್ಚಿ. ಅದು ಬಾಲವನ್ನು ಹಿಂದಕ್ಕೆ ಜಗ್ಗಿ ಮೂಗನ್ನು ಕೆಳಗಿಳಿಸುತ್ತದೆ. ನೆಲದಿಂದ 10,000 ಅಡಿಗೆ ಬಂದರೂ ಹಿಡಿತ ಸಿಗದಿದ್ದರೆ ಇಬ್ಬರೂ ಹೊರಗೆ ಹಾರಬೇಕು. ನಿಜ ವಿಮಾನದ ನಿಯಮವೂ ಇದೇ. ಸಿಮ್ಯುಲೇಟರಿನಲ್ಲಿ ಜೀವ ಹೋಗದು ಎಂದು ಕೊನೆಯ ತನಕ ಕಿತ್ತಾಡುವ ಅಭ್ಯಾಸ ಬೇಡ.

ಇಷ್ಟೆಲ್ಲ ನೋಡಿದರೂ ಸರಿಹೋಗಲಿಲ್ಲ

ಸಿಮ್ಯುಲೇಟರಿನ ಫೈಲ್ ರಿಪೇರಿ ಒಮ್ಮೆ ನಡೆಸಿ. ನಡುವೆ ಕರೆಂಟು ಹೋಗದ ಹೊತ್ತು ನೋಡಿಕೊಳ್ಳಿ. ಅದಕ್ಕೂ ಮೊದಲು ನಿಮ್ಮ ಕಂಟ್ರೋಲ್ ಸೆಟ್ಟಿಂಗುಗಳನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ. ಹೊರಗಿನಿಂದ ತಂದು ಹಾಕಿದ ಮಾಡ್‌ಗಳೆಲ್ಲವನ್ನೂ ತೆಗೆದು ನೋಡಿ, ಆಮೇಲೆ ಒಂದೊಂದೇ ಹಾಕಿ.

ಯಾರನ್ನಾದರೂ ಕೇಳುವಾಗ "ಫ್ಯಾಂಟಮ್ ನಡೀವಲ್ದು" ಎಂದಷ್ಟೇ ಹೇಳಿದರೆ ಯಾರಿಗೂ ತಿಳಿಯದು. ಎಂಜಿನ್ ತಣ್ಣಗಿರುವಾಗ ಶುರುಮಾಡಿದಿರೋ, ಗಾಳಿಯಲ್ಲೇ ಶುರುವಾಯಿತೋ. ಹಿಂದಿನ ಸೀಟಿನಲ್ಲಿ ಜೆಸ್ಟರ್ ಇದ್ದನೋ ಮನುಷ್ಯನೋ. ಎಚ್ಚರಿಕೆ ಫಲಕದಲ್ಲಿ ಯಾವ ದೀಪ ಹೊತ್ತಿತ್ತು. ಆ ಹೊತ್ತಿನ ವೇಗ, ಎತ್ತರ, ಯೂನಿಟ್ ಎಷ್ಟು. ಇವನ್ನು ಬರೆದು, ಫಲಕದ ಒಂದು ಚಿತ್ರ ಜೋಡಿಸಿ ಕಳಿಸಿ. ಫಲಕ ಪೂರ್ತಿ ಕಾಣುವ ಹಾಗೆ ತೆಗೆದಿರಲಿ, ಬರೀ ಹೊತ್ತಿದ ದೀಪದ್ದಲ್ಲ. ಹೊತ್ತಬೇಕಿದ್ದೂ ಹೊತ್ತದ ದೀಪವೇ ಎಷ್ಟೋ ಸಲ ಉತ್ತರ ಹೇಳುತ್ತದೆ.